ನಾದವನ್ನು ಬಿಡಿಸಿ ನೋಡಿದ ಹೆಲ್ಮ್‌ಹೋಲ್ಟ್ಸ್

ನಮ್ಮ ಮನೆಯಲ್ಲಿ ನನ್ನ ಅಜ್ಜಿಯ ಮೇಲೆ ಒಂದು ಅಪವಾದವಿತ್ತು. ತನಗೆ ಬೇಕಾದದ್ದು ಮಾತ್ರ ಆಕೆಗೆ ಕೇಳಿಸುತ್ತದೆ, ಬೇಡವಾದದ್ದು ಕೇಳಿಸುವುದಿಲ್ಲ ಎಂಬುದೇ ಆ ಅಪವಾದ. ಅದಕ್ಕೆ ಕಾರಣವಿಲ್ಲದೆಯೂ ಇರಲಿಲ್ಲ. ಸಂಜೆಯ ಭಜನೆಗೆಂದು ಹಾರ್ಮೋನಿಯಂ ಮುಂದಿಟ್ಟುಕೊಂಡು ನಾನು ಹಾಡಲು ಕುಳಿತಾಗ, ನನ್ನ ಪಂಚಮವು ಕೂದಲೆಳೆಯಷ್ಟು ಇಳಿದರೂ ಸಾಕು, ಒಳಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ ತಲೆಯೆತ್ತಿ ಬೇಡ ಬೇಡವೆಂದು ಕೈಯಾಡಿಸುತ್ತಿದ್ದಳು. ಅದೇ ಅಜ್ಜಿಯ ಪಕ್ಕದಲ್ಲಿ ಕುಳಿತು, ಬಸ್ಸು ಬರಲು ಇನ್ನೆಷ್ಟು ತಾಸು ಎಂದು ಕೇಳಿದರೆ, ಸೆರಗಿನ ಗಂಟು ಬಿಚ್ಚಿ ಕಾಸು ಎಣಿಸಿ ನನ್ನ ಕೈಗಿಡುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಒಂದೆರಡು ಸಲ ಆಕೆಯ ಮೇಲೆ ಸಿಡುಕಿಯೂ ಇದ್ದೇನೆ. ಸ್ವರದ ಸೂಕ್ಷ್ಮವನ್ನು ಹಿಡಿಯುವ ಕಿವಿಗೆ ಎರಡಕ್ಷರದ ಮಾತು ತಿಳಿಯದೆಂದರೆ ನಂಬುವವರು ಯಾರು?

ಅಜ್ಜಿಯದು ನಟನೆಯಲ್ಲವೆಂಬ ಅರಿವು ನನಗಾದದ್ದು ಒಬ್ಬ ಜರ್ಮನ್ ವಿದ್ವಾಂಸನ ಜೀವನಚರಿತ್ರೆಯನ್ನು ಓದಿದ ಮೇಲೆ. ಅದರ ಹಾದಿಯೂ ವಿಚಿತ್ರವಾಗಿದೆ. ಕಳೆದ ವರ್ಷ ನಮ್ಮ ಕನ್ನಡ ತರಗತಿಯಲ್ಲಿ ಕೇಶಿರಾಜನ ಶಬ್ದಮಣಿದರ್ಪಣದ ಪಾಠ ನಡೆಯುತ್ತಿತ್ತು. ೧೩ನೆಯ ಶತಮಾನದ ಆ ವೈಯಾಕರಣನು ಮಾತಿನ ಹುಟ್ಟನ್ನು ಹೇಳುವಾಗ ನಾಭಿಮೂಲದಿಂದ ಹೊರಟ ಗಾಳಿಯನ್ನೂ ಕಹಳೆಯನ್ನೂ ನೆನೆಯುತ್ತಾನೆ. ಮಾತಿಗೆ ವಾದ್ಯದ ಹೋಲಿಕೆ! ನನಗೊಂದು ಸಂದೇಹ ಹುಟ್ಟಿತು. ಕಂಠವು ಕಹಳೆಯಾದರೆ, ಒಂದೇ ಕಹಳೆ ಒಂದೇ ಶ್ರುತಿಯಲ್ಲಿ ಈಗ ಅಕಾರವನ್ನೂ ಮರುಕ್ಷಣ ಇಕಾರವನ್ನೂ ನುಡಿಯುವುದು ಹೇಗೆ? ತರಗತಿ ಮುಗಿದ ಮೇಲೆ ಹಿಂಜರಿಯುತ್ತಲೇ ಕೇಳಿದೆ. ಅಧ್ಯಾಪಕರು ನಕ್ಕು, ಇದಕ್ಕೆ ಉತ್ತರ ಕೊಟ್ಟವನು ವೈಯಾಕರಣನಲ್ಲ, ವೈದ್ಯ ಎಂದು ಹೇಳಿ, ಗ್ರಂಥಭಂಡಾರದ ಕೆಳಗಿನ ಕಪಾಟಿನಿಂದ ದಪ್ಪನಾದ ಒಂದು ಹಳೆಯ ಇಂಗ್ಲಿಷ್ ಪುಸ್ತಕವನ್ನು ತೆಗೆಸಿಕೊಟ್ಟರು. ಅದು ಹರ್ಮನ್ ಹೆಲ್ಮ್‌ಹೋಲ್ಟ್ಸ್ ಎಂಬಾತನು ಸ್ವರಗಳ ಸಂವೇದನೆಯನ್ನು ಕುರಿತು ಬರೆದ ಮಹಾಗ್ರಂಥದ ಅನುವಾದ. ಕಲಾವಿಭಾಗದ ವಿದ್ಯಾರ್ಥಿಯಾದ ನನಗೆ ಅದರ ಗಣಿತವೆಲ್ಲ ತಿಳಿಯಿತೆಂದು ಹೇಳಲಾರೆ. ತಿಳಿದಷ್ಟನ್ನು, ಆತನ ಬಾಳಿನ ಕಥೆಯೊಡನೆ ಸೇರಿಸಿ, ನನ್ನ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಹೆಲ್ಮ್‌ಹೋಲ್ಟ್ಸನು ೧೮೨೧ನೆಯ ಇಸವಿ ಆಗಸ್ಟ್ ೩೧ರಂದು ಬರ್ಲಿನ್ನಿನ ಸಮೀಪದ ಪಾಟ್ಸ್‌ಡಾಮ್ ನಗರದಲ್ಲಿ ಜನಿಸಿದನು. ತಂದೆ ಪ್ರೌಢಶಾಲೆಯ ಉಪಾಧ್ಯಾಯ. ಭಾಷೆ, ಸಾಹಿತ್ಯ, ತತ್ವಶಾಸ್ತ್ರಗಳಲ್ಲಿ ಮುಳುಗಿದ್ದವನು. ಉಪಾಧ್ಯಾಯನ ಮನೆಯಲ್ಲಿ ವಿದ್ಯೆಗೆ ಕೊರತೆಯಿಲ್ಲದಿದ್ದರೂ ಹಣಕ್ಕೆ ಕೊರತೆಯುಂಟೆಂಬುದು ಎಲ್ಲ ದೇಶಗಳಿಗೂ ಒಪ್ಪುವ ಮಾತು. ಹುಡುಗನಿಗೆ ಭೌತಶಾಸ್ತ್ರದಲ್ಲಿ ಅಪಾರ ಆಸೆ. ಆದರೆ ಅದನ್ನು ಓದಿಸುವ ಶಕ್ತಿ ತಂದೆಗಿರಲಿಲ್ಲ. ಆಗ ಬರ್ಲಿನ್ನಿನಲ್ಲಿ ಸೈನ್ಯಕ್ಕೆ ವೈದ್ಯರನ್ನು ಸಿದ್ಧಪಡಿಸುವ ಒಂದು ಸಂಸ್ಥೆಯಿತ್ತು. ಅಲ್ಲಿ ಶಿಕ್ಷಣ ಉಚಿತ. ಪ್ರತಿಯಾಗಿ ಎಂಟು ವರ್ಷ ಸೈನ್ಯದಲ್ಲಿ ವೈದ್ಯನಾಗಿ ದುಡಿಯಬೇಕು. ೧೮೩೮ರಲ್ಲಿ, ೧೭ನೆಯ ವಯಸ್ಸಿನಲ್ಲಿ, ಹೆಲ್ಮ್‌ಹೋಲ್ಟ್ಸನು ಅಲ್ಲಿಗೆ ಸೇರಿದನು. ಬೇಕಾದ ವಿದ್ಯೆ ದೊರೆಯದೆ ದೊರೆತ ವಿದ್ಯೆಯನ್ನು ಒಪ್ಪಿಕೊಂಡ ತರುಣರ ಸಾಲಿನಲ್ಲಿ ಆತನೂ ಒಬ್ಬ. ನಮ್ಮ ಕಾಲೇಜಿನಲ್ಲಿಯೂ ಇಂಥವರು ಕಡಿಮೆಯಿಲ್ಲ.

ಆದರೆ ಆತನು ಕೊರಗುತ್ತ ಕೂಡಲಿಲ್ಲ. ಓದಿನ ಕೋಣೆಯಲ್ಲಿ ಒಂದು ಪಿಯಾನೋ ಇಟ್ಟುಕೊಂಡು ಮೋಟ್ಸಾರ್ಟ್ ಮತ್ತು ಬೇಥೋವನರ ಕೃತಿಗಳನ್ನು ನುಡಿಸುತ್ತಿದ್ದನು. ಬಿಡುವಿನ ವೇಳೆಯಲ್ಲಿ ಗಣಿತದ ಗ್ರಂಥಗಳನ್ನು ತಾನಾಗಿಯೇ ಓದಿಕೊಂಡನು. ಯೋಹಾನೆಸ್ ಮ್ಯೂಲರ್ ಎಂಬ ಪ್ರಸಿದ್ಧ ಶರೀರವಿಜ್ಞಾನಿಯ ಶಿಷ್ಯನಾದನು. ೧೮೪೧ರಲ್ಲಿ ವಿಷಮಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ವಿದ್ಯಾರ್ಥಿಯಾದ್ದರಿಂದ ಅಲ್ಲಿ ಊಟ ಔಷಧಗಳಿಗೆ ಖರ್ಚಿರಲಿಲ್ಲ. ಹಾಗೆ ಉಳಿದ ಅಲ್ಪ ವೇತನದಿಂದ ಆತನು ಒಂದು ಸೂಕ್ಷ್ಮದರ್ಶಕವನ್ನು ಕೊಂಡನು. ಮರುವರ್ಷ ಅದೇ ಉಪಕರಣದ ನೆರವಿನಿಂದ ಕೆಳದರ್ಜೆಯ ಪ್ರಾಣಿಗಳ ನರಗಳನ್ನು ಪರೀಕ್ಷಿಸಿ ಡಾಕ್ಟರ್ ಪದವಿಯನ್ನು ಪಡೆದನು. ಕಾಯಿಲೆಯನ್ನೂ ಬಂಡವಾಳ ಮಾಡಿಕೊಳ್ಳುವ ಜಾಣ್ಮೆಯೆಂದರೆ ಇದೇ ಅಲ್ಲವೆ?

ಸೈನ್ಯದ ವೈದ್ಯನಾಗಿ ಪಾಟ್ಸ್‌ಡಾಮಿನ ದಂಡಿನಲ್ಲಿದ್ದಾಗ, ಬ್ಯಾರಕ್ಕಿನಲ್ಲಿಯೇ ಸಣ್ಣದೊಂದು ಪ್ರಯೋಗಶಾಲೆಯನ್ನು ಕಟ್ಟಿಕೊಂಡನು. ಅಲ್ಲಿ ಹುಟ್ಟಿದ ಆಲೋಚನೆಗಳು ೧೮೪೭ರಲ್ಲಿ ಶಕ್ತಿಯ ನಿತ್ಯತ್ವವನ್ನು ಕುರಿತ ಪ್ರಬಂಧವಾಗಿ ಬರ್ಲಿನ್ನಿನ ಭೌತಶಾಸ್ತ್ರ ಸಂಘದ ಮುಂದೆ ಬಂದುವು. ಶಕ್ತಿಯು ರೂಪಾಂತರ ಹೊಂದುತ್ತದೆಯೇ ಹೊರತು ನಾಶವಾಗುವುದಿಲ್ಲ ಎಂಬ, ಇಂದು ಶಾಲೆಯ ಹುಡುಗರಿಗೂ ಬಾಯಿಪಾಠವಾಗಿರುವ ತತ್ವವನ್ನು ಗಣಿತದ ಖಚಿತ ರೂಪದಲ್ಲಿ ಮಂಡಿಸಿದ ಪ್ರಬಂಧವದು. ಅಂದಿನ ಪ್ರಮುಖ ವಿಜ್ಞಾನಪತ್ರಿಕೆಯ ಸಂಪಾದಕನು ಅದನ್ನು ಪ್ರಕಟಿಸಲು ಒಪ್ಪಲಿಲ್ಲ. ಕೊನೆಗೆ ಕಿರುಹೊತ್ತಗೆಯಾಗಿ ಅಚ್ಚಾಯಿತು. ಆಗ ಲೇಖಕನಿಗೆ ೨೬ ವರ್ಷ ತುಂಬುತ್ತಿತ್ತು.

ಮುಂದಿನ ವರ್ಷ ಸೈನ್ಯದ ಋಣದಿಂದ ಬಿಡುಗಡೆಯಾಯಿತು. ೧೮೪೯ರಲ್ಲಿ ಕೋನಿಗ್ಸ್‌ಬರ್ಗಿನ ವಿಶ್ವವಿದ್ಯಾನಿಲಯದಲ್ಲಿ ಶರೀರವಿಜ್ಞಾನದ ಪ್ರಾಧ್ಯಾಪಕನಾಗಿ, ಅದೇ ವರ್ಷ ಓಲ್ಗಾ ಎಂಬ ತರುಣಿಯನ್ನು ವಿವಾಹವಾದನು. ನರಗಳಲ್ಲಿ ಸುದ್ದಿ ಹರಿಯುವ ವೇಗವನ್ನು ಅಳೆಯುವುದು ಅಸಾಧ್ಯವೆಂದು ಗುರುವಾದ ಮ್ಯೂಲರನು ಭಾವಿಸಿದ್ದನು. ಶಿಷ್ಯನು ಕಪ್ಪೆಯ ಕಾಲಿನ ನರದ ಮೇಲೆ ಪ್ರಯೋಗ ಮಾಡಿ, ಆ ವೇಗ ಸೆಕೆಂಡಿಗೆ ಸುಮಾರು ೩೦ ಮೀಟರುಗಳ ಆಸುಪಾಸಿನಲ್ಲಿದೆಯೆಂದು ತೋರಿಸಿದನು. ಗಾಳಿಯಲ್ಲಿ ಶಬ್ದವು ಓಡುವ ವೇಗದ ಹತ್ತನೆಯ ಒಂದು ಪಾಲಿಗಿಂತ ಇದು ಹೆಚ್ಚೇನೂ ಅಲ್ಲ. ೧೮೫೧ರಲ್ಲಿ ಜೀವಂತ ಮನುಷ್ಯನ ಕಣ್ಣಿನ ಒಳಭಿತ್ತಿಯನ್ನು ನೋಡುವ ಉಪಕರಣವನ್ನು ಲೋಕಕ್ಕೆ ಕೊಟ್ಟನು. ಇಂದಿಗೂ ಕಣ್ಣಿನ ವೈದ್ಯರ ಕೈಯಲ್ಲಿರುವ ಸಾಧನಗಳಿಗೆ ಅದೇ ಮೂಲ. ಇಷ್ಟಕ್ಕೇ ನಿಂತಿದ್ದರೂ ಆತನ ಹೆಸರು ಚಿರಸ್ಥಾಯಿಯಾಗುತ್ತಿತ್ತು. ಆದರೆ ಪಿಯಾನೋದ ನಾದ ಆತನನ್ನು ಬಿಡಲಿಲ್ಲ. ೧೮೫೫ರಲ್ಲಿ ಬಾನ್ ನಗರಕ್ಕೆ ಬಂದ ಮೇಲೆ ಕಣ್ಣಿನ ಅಧ್ಯಯನದ ಜೊತೆಗೆ ಕಿವಿಯ ಅಧ್ಯಯನವನ್ನೂ ಕೈಗೆತ್ತಿಕೊಂಡನು. ೧೮೫೭ರಲ್ಲಿ ಅಲ್ಲಿಯೇ ಸಂಗೀತದ ಸ್ವರಮೇಳಕ್ಕೆ ಶರೀರದಲ್ಲಿರುವ ಕಾರಣಗಳನ್ನು ಕುರಿತು ಸಾರ್ವಜನಿಕ ಭಾಷಣ ಮಾಡಿದನು.

ಆತನನ್ನು ಕಾಡಿದ ಪ್ರಶ್ನೆ ಸರಳವಾದದ್ದು. ಕೊಳಲಿನ ಷಡ್ಜಕ್ಕೂ ವೀಣೆಯ ಷಡ್ಜಕ್ಕೂ ಶ್ರುತಿ ಒಂದೇ, ಗಟ್ಟಿತನವೂ ಒಂದೇ ಎಂದಿಟ್ಟುಕೊಳ್ಳೋಣ. ಕಣ್ಣು ಮುಚ್ಚಿ ಕೇಳಿದರೂ ಇದು ಕೊಳಲು, ಇದು ವೀಣೆ ಎಂದು ಹೇಳಬಲ್ಲೆವು. ಈ ವ್ಯತ್ಯಾಸ ಎಲ್ಲಿಂದ ಬಂತು? ಒಂದು ತಂತಿಯನ್ನು ಮೀಟಿದಾಗ ಅದು ಇಡಿಯಾಗಿ ಕಂಪಿಸುವುದಲ್ಲದೆ, ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿಯೂ ಅದೇ ಕಾಲದಲ್ಲಿ ಕಂಪಿಸುತ್ತಿರುತ್ತದೆ. ಇಡಿಯ ತಂತಿ ಸೆಕೆಂಡಿಗೆ ೨೦೦ ಸಲ ಕಂಪಿಸಿದರೆ, ಅದರೊಡನೆ ೪೦೦, ೬೦೦, ೮೦೦ ಕಂಪನಗಳ ಮೆಲುದನಿಗಳೂ ಹುಟ್ಟುತ್ತವೆ. ಇವೇ ಉಪಸ್ವರಗಳು. ನಮಗೆ ಒಂದೇ ಸ್ವರವಾಗಿ ಕೇಳಿಸುವುದು ವಾಸ್ತವವಾಗಿ ಒಂದು ಕುಟುಂಬ. ವಾದ್ಯದಿಂದ ವಾದ್ಯಕ್ಕೆ ಈ ಕುಟುಂಬದ ಸದಸ್ಯರ ಬಲಾಬಲ ಬೇರೆಯಾಗುವುದೇ ನಾದದ ಬಣ್ಣ ಬೇರೆಯಾಗುವುದಕ್ಕೆ ಕಾರಣವೆಂದು ಹೆಲ್ಮ್‌ಹೋಲ್ಟ್ಸನು ಸಿದ್ಧಪಡಿಸಿ ತೋರಿಸಿದನು.

ಉಪಸ್ವರಗಳನ್ನು ಬಿಡಿಬಿಡಿಯಾಗಿ ಕೇಳಲು ಆತನು ಬಳಸಿದ ಸಾಧನ ನೋಡಲು ಆಟಿಕೆಯಂತಿದೆ. ಗಾಜಿನ ಅಥವಾ ಹಿತ್ತಾಳೆಯ ಟೊಳ್ಳು ಗೋಳ. ಒಂದು ಕಡೆ ಬಾಯಿ, ಇನ್ನೊಂದು ಕಡೆ ಕಿವಿಯೊಳಕ್ಕೆ ಕೂಡುವಂತಹ ಸಣ್ಣ ಮೂತಿ. ಪ್ರತಿಯೊಂದು ಗೋಳಕ್ಕೂ ಅದರ ಗಾತ್ರಕ್ಕೆ ತಕ್ಕ ಒಂದು ಸ್ವರವುಂಟು. ಒಂದು ಕಿವಿಯನ್ನು ಮುಚ್ಚಿಕೊಂಡು ಇನ್ನೊಂದಕ್ಕೆ ಈ ಗೋಳವನ್ನು ಹಿಡಿದರೆ, ಹೊರಗಿನ ಗದ್ದಲದಲ್ಲಿ ಆ ಒಂದು ಸ್ವರವಿದ್ದಾಗ ಮಾತ್ರ ಗೋಳವು ಮೊಳಗುತ್ತದೆ, ಇಲ್ಲದಾಗ ಸುಮ್ಮನಿರುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಇದರ ಸತ್ಯವನ್ನು ನಾನೂ ಪರೀಕ್ಷಿಸಿದ್ದೇನೆ. ಶ್ರುತಿ ಮಾಡಿಟ್ಟ ತಂಬೂರಿಯ ಹತ್ತಿರ ಬಾಯಿಟ್ಟು ಸರಿಯಾದ ಷಡ್ಜವನ್ನು ಹಾಡಿ ನಿಲ್ಲಿಸಿದರೆ, ಯಾರೂ ಮುಟ್ಟದ ತಂತಿ ತಾನಾಗಿಯೇ ಗುಂಯ್‌ಗುಡುತ್ತದೆ. ಸ್ವರ ತಪ್ಪಿ ಹಾಡಿದರೆ ಅದು ಮೌನ. ಇಂತಹ ಗೋಳಗಳ ಸಾಲನ್ನಿಟ್ಟುಕೊಂಡು ಹೆಲ್ಮ್‌ಹೋಲ್ಟ್ಸನು ಪಿಟೀಲು, ಕೊಳಲು, ಗಂಟೆ, ಮನುಷ್ಯನ ಕಂಠ ಇವೆಲ್ಲವನ್ನೂ ಬಿಡಿಸಿ ನೋಡಿದನು.

ಮನುಷ್ಯನ ಕಂಠಕ್ಕೆ ಬಂದಾಗಲೇ ನನ್ನ ಪ್ರಶ್ನೆಗೆ ಉತ್ತರ ದೊರೆತದ್ದು. ಕಂಠದ ನಾದತಂತುಗಳು ಹುಟ್ಟಿಸುವ ನಾದದಲ್ಲಿ ಉಪಸ್ವರಗಳು ಹೇರಳವಾಗಿವೆ. ಗಂಟಲು ಮತ್ತು ಬಾಯಿಯ ಪೊಳ್ಳು ಆ ಗೋಳದಂತೆಯೇ ಒಂದು ಅನುರಣಕ. ನಾಲಗೆ, ದವಡೆ, ತುಟಿಗಳ ಚಲನೆಯಿಂದ ಆ ಪೊಳ್ಳಿನ ಆಕಾರ ಬದಲಾದಂತೆ ಬೇರೆ ಬೇರೆ ಉಪಸ್ವರಗಳು ಪುಷ್ಟಿಗೊಳ್ಳುತ್ತವೆ. ಒಂದೇ ಶ್ರುತಿಯಲ್ಲಿ ಅಕಾರ, ಇಕಾರ, ಉಕಾರಗಳು ಬೇರೆಯಾಗಿ ಕೇಳಿಸುವುದಕ್ಕೆ ಇದೇ ಕಾರಣ. ಎಂದರೆ ವೀಣೆಗೂ ಕೊಳಲಿಗೂ ಯಾವ ಭೇದವೋ, ಅಕಾರಕ್ಕೂ ಇಕಾರಕ್ಕೂ ಅದೇ ಜಾತಿಯ ಭೇದ. ನಾವು ಒಂದು ವಾಕ್ಯವನ್ನಾಡುವಾಗ ಕ್ಷಣಕ್ಷಣಕ್ಕೂ ವಾದ್ಯವನ್ನು ಬದಲಾಯಿಸುತ್ತಿರುತ್ತೇವೆ. ಸಂಗೀತದ ಗುಟ್ಟನ್ನು ಹುಡುಕಿ ಹೊರಟವನಿಗೆ ಮಾತಿನ ಗುಟ್ಟು ಕೈಗೆ ಸಿಕ್ಕಿತು. ಪಿಯಾನೋದ ತಂತಿಗಳನ್ನೆಲ್ಲ ಬಿಡುಗಡೆ ಮಾಡಿ ಅವುಗಳ ಮೇಲೆ ಬಾಗಿ ಅಕಾರವನ್ನು ಹಾಡಿದರೆ ತಂತಿಗಳು ಅಕಾರವನ್ನೇ ಮರುನುಡಿಯುತ್ತವೆ. ಓಕಾರವನ್ನು ಹಾಡಿದರೆ ಓಕಾರವನ್ನೇ ಹಿಂದಿರುಗಿಸುತ್ತವೆ ಎಂದು ಆತನು ತೋರಿಸಿದನು.

ಬಿಡಿಸಿದ್ದನ್ನು ಮತ್ತೆ ಕೂಡಿಸಿದಾಗಲೇ ಸಿದ್ಧಾಂತ ಪೂರ್ಣವಾಗುವುದು. ಅದಕ್ಕಾಗಿ ಆತನು ಶ್ರುತಿಕವೆಗಳ ಒಂದು ಸಾಲನ್ನು ನಿಲ್ಲಿಸಿ, ವಿದ್ಯುತ್ ಅಯಸ್ಕಾಂತಗಳಿಂದ ಅವು ಸದಾ ಮಿಡಿಯುವಂತೆ ಮಾಡಿದನು. ಪ್ರತಿ ಕವೆಯ ಮುಂದೆಯೂ ಅದರ ಶ್ರುತಿಗೆ ಹೊಂದುವ ಒಂದು ಅನುರಣಕ, ಅದಕ್ಕೊಂದು ಮುಚ್ಚಳ. ಯಾವ ಮುಚ್ಚಳವನ್ನು ಎಷ್ಟು ತೆರೆಯಬೇಕೆಂಬುದು ಪಿಯಾನೋದಂತಹ ಮಣೆಗಳ ಅಧೀನ. ಬೇಕಾದ ಉಪಸ್ವರಗಳನ್ನು ಬೇಕಾದಷ್ಟು ಬೆರೆಸಿದಾಗ ಗಂಟಲಿಲ್ಲದ ಆ ಯಂತ್ರದಿಂದ ಸ್ವರಾಕ್ಷರಗಳು ಹೊರಟುವು. ಉಕಾರ ಓಕಾರಗಳು ಚೆನ್ನಾಗಿ ಬಂದುವು. ಏಕಾರ ಇಕಾರಗಳಿಗೆ ಬಹು ತಾರವಾದ ಉಪಸ್ವರಗಳು ಬೇಕಾದ್ದರಿಂದ ಅವು ಅಷ್ಟು ಸರಿಯಾಗಿ ಬರಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನನ್ನ ಅಜ್ಜಿಯ ಕಥೆಗೆ ಇದು ಬೇಕಾಗುತ್ತದೆ.

ಇನ್ನು ಇಂಪು ಕಂಪನದ ಮಾತು. ಎರಡು ತಂತಿಗಳ ಶ್ರುತಿ ತುಸು ಹೆಚ್ಚು ಕಡಿಮೆಯಾಗಿದ್ದಾಗ ನಾದವು ಉಬ್ಬಿ ಇಳಿದು ಅಲೆಯಾಡುವುದನ್ನು ತಂಬೂರಿ ಹೂಡುವವರೆಲ್ಲ ಬಲ್ಲರು. ಒಂದು ತಂತಿ ಸೆಕೆಂಡಿಗೆ ೨೪೦, ಇನ್ನೊಂದು ೨೪೪ ಸಲ ಕಂಪಿಸಿದರೆ ಸೆಕೆಂಡಿಗೆ ನಾಲ್ಕು ಅಲೆಗಳು ಕೇಳಿಸುತ್ತವೆ. ಈ ಅಲೆಗಳು ಸೆಕೆಂಡಿಗೆ ೩೦–೪೦ರಷ್ಟಾದಾಗ ಕಿವಿಗೆ ಅತ್ಯಂತ ಕರ್ಕಶವೆಂದು ಹೆಲ್ಮ್‌ಹೋಲ್ಟ್ಸನು ಕಂಡುಕೊಂಡನು. ಷಡ್ಜ ಪಂಚಮಗಳು ಏಕೆ ಹೊಂದುತ್ತವೆ? ಷಡ್ಜ ೨೦೦ ಆದರೆ ಪಂಚಮ ೩೦೦, ಒಂದರ ಮೂರನೆಯ ಸ್ವರವೂ ಇನ್ನೊಂದರ ಎರಡನೆಯ ಸ್ವರವೂ ೬೦೦ರಲ್ಲಿ ಸರಿಯಾಗಿ ಕೂಡುತ್ತವೆ, ಕರ್ಕಶತೆಗೆ ಎಡೆಯಿಲ್ಲ. ಪಂಚಮ ತುಸು ಇಳಿಯಿತೋ, ಅಲ್ಲಿ ಅಲೆಯೇಳುತ್ತದೆ. ಒಳಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿಗೆ ಹಾರ್ಮೋನಿಯಮ್ಮಿನ ಜೊತೆಗೆ ನನ್ನ ಕಂಠ ಕೂಡಿದಾಗ ಚುಚ್ಚಿದ್ದು ಈ ಅಲೆಯೇ ಇರಬೇಕು.

ಕಿವಿಯೊಳಗೆ ಈ ವಿಂಗಡಣೆ ನಡೆಯುವುದೆಲ್ಲಿ? ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಅಂಗವಿದೆ. ಅದರ ಉದ್ದಕ್ಕೂ ಹಾಸಿದ ಪೊರೆಯಲ್ಲಿ, ಪಿಯಾನೋದ ತಂತಿಗಳಂತೆ, ಒಂದೊಂದು ಸ್ಥಳವೂ ಒಂದೊಂದು ಶ್ರುತಿಗೆ ಮಿಡಿಯುತ್ತದೆಂದು ಹೆಲ್ಮ್‌ಹೋಲ್ಟ್ಸನು ಪ್ರತಿಪಾದಿಸಿದನು. ಮುಂದೆ ಗೆಯೋರ್ಗ್ ಫಾನ್ ಬೇಕೇಶಿ ಎಂಬ ಹಂಗೇರಿಯ ವಿಜ್ಞಾನಿಯು ಮೃತರ ಕಿವಿಗಳನ್ನು ಪರೀಕ್ಷಿಸಿ, ಬಿಡಿ ತಂತಿಗಳಂತೆ ಅಲ್ಲ, ಪೊರೆಯುದ್ದಕ್ಕೂ ಸಾಗುವ ಅಲೆಯಾಗಿ ಅದು ಮಿಡಿಯುತ್ತದೆಂದು ತೋರಿಸಿದನು. ೧೯೬೧ರಲ್ಲಿ ಅದಕ್ಕಾಗಿ ನೊಬೆಲ್ ಬಹುಮಾನ ಬಂದಿತು. ಹೆಲ್ಮ್‌ಹೋಲ್ಟ್ಸನ ಚಿತ್ರ ಹೀಗೆ ತಿದ್ದುಪಡಿಯಾದರೂ, ಶ್ರುತಿಗೊಂದು ಸ್ಥಳವೆಂಬ ಮೂಲತತ್ವ ಉಳಿದುಕೊಂಡಿತು. ತಾರಸ್ವರಗಳ ಸ್ಥಳ ಚಿಪ್ಪಿನ ಬಾಗಿಲಲ್ಲಿ. ಮಂದ್ರಸ್ವರಗಳ ಸ್ಥಳ ಒಳಸುತ್ತಿನ ತುದಿಯಲ್ಲಿ.

ಈ ಸಂಶೋಧನೆಗಳೆಲ್ಲ ನೆಮ್ಮದಿಯ ದಿನಗಳಲ್ಲಿ ನಡೆದುವೆಂದು ಯಾರೂ ಭಾವಿಸಬಾರದು. ೧೮೫೮ರಲ್ಲಿ ಹೆಲ್ಮ್‌ಹೋಲ್ಟ್ಸನು ಹೈಡೆಲ್‌ಬರ್ಗಿಗೆ ಬಂದನು. ಮರುವರ್ಷವೇ ತಂದೆ ತೀರಿಕೊಂಡನು. ಬಹುಕಾಲದಿಂದ ಕ್ಷಯದಿಂದ ನರಳುತ್ತಿದ್ದ ಪತ್ನಿ ಓಲ್ಗಾ ಅದೇ ವರ್ಷ ಡಿಸೆಂಬರಿನ ಕೊನೆಯಲ್ಲಿ ಇಬ್ಬರು ಎಳೆಯ ಮಕ್ಕಳನ್ನು ಬಿಟ್ಟು ಅಗಲಿದಳು. ಸ್ವರಾಕ್ಷರಗಳ ನಾದವನ್ನು ಕುರಿತ ಆತನ ಲೇಖನ ಬೆಳಕು ಕಂಡದ್ದು ಅದೇ ೧೮೫೯ರಲ್ಲಿ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ೧೮೬೧ರಲ್ಲಿ ಆನಾ ಫಾನ್ ಮೋಲ್ ಎಂಬ ವಿದ್ಯಾವಂತೆಯನ್ನು ವರಿಸಿ ಆತನು ಮತ್ತೆ ಸಂಸಾರವನ್ನು ಕಟ್ಟಿಕೊಂಡನು. ೧೮೬೩ರಲ್ಲಿ ಸ್ವರಸಂವೇದನೆಯ ಮಹಾಗ್ರಂಥ ಹೊರಬಂದಿತು.

ಆ ಗ್ರಂಥದ ಕೊನೆಯ ಭಾಗ ನಮ್ಮಂತಹ ಕಲಾವಿದ್ಯಾರ್ಥಿಗಳಿಗೆ ಮುಖ್ಯವಾದದ್ದು. ಕರ್ಕಶತೆಗೆ ಕಾರಣ ಕಿವಿಯ ರಚನೆಯಲ್ಲಿದೆಯೆಂದು ಸಾಧಿಸಿದ ಆತನು, ಸಂಗೀತದ ಸ್ವರಶ್ರೇಣಿಗಳನ್ನೆಲ್ಲ ಪ್ರಕೃತಿಯೇ ಕಟ್ಟಿಕೊಟ್ಟಿದೆಯೆಂದು ಮಾತ್ರ ಹೇಳಲಿಲ್ಲ. ಅವು ಜನರ ಅಭಿರುಚಿಯಿಂದ, ಕಾಲದೇಶಗಳಿಗನುಗುಣವಾಗಿ ಬೆಳೆದುಬಂದುವು. ಮುಂದೆಯೂ ಬದಲಾಗಬಹುದು ಎಂಬುದೇ ಆತನ ಅಭಿಪ್ರಾಯ. ಗ್ರಂಥವನ್ನು ೧೮೭೫ರಲ್ಲಿ ಇಂಗ್ಲಿಷಿಗೆ ತಂದ ಅಲೆಕ್ಸಾಂಡರ್ ಎಲ್ಲಿಸನು ಉಚ್ಚಾರಣಶಾಸ್ತ್ರದ ಪಂಡಿತ. ಆತನು ೧೮೮೫ರಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳ ಸ್ವರಶ್ರೇಣಿಗಳನ್ನು ಅಳೆದು ನೋಡಿ, ಅವುಗಳಿಗೆಲ್ಲ ಒಂದೇ ಪ್ರಕೃತಿನಿಯಮವಿಲ್ಲವೆಂಬ ನಿರ್ಣಯಕ್ಕೆ ಬಂದನು. ವಿಜ್ಞಾನವು ತನ್ನ ಎಲ್ಲೆಯನ್ನು ತಾನೇ ಗುರುತಿಸಿಕೊಂಡು, ಅದರಾಚೆಗಿನದನ್ನು ಇತಿಹಾಸಕ್ಕೂ ಕಲೆಗೂ ಬಿಟ್ಟುಕೊಟ್ಟ ಉದಾಹರಣೆಗಳಲ್ಲಿ ಇದು ಶ್ರೇಷ್ಠವಾದುದೆಂದು ನನ್ನ ಭಾವನೆ.

ಇದೇ ಎಲ್ಲಿಸನಿಂದ ಇನ್ನೊಂದು ಸ್ವಾರಸ್ಯವಾದ ಘಟನೆ ನಡೆಯಿತು. ೧೮೬೬ರಲ್ಲಿ ತರುಣನೊಬ್ಬನು ಬಾಯಿಯ ಪೊಳ್ಳಿನ ಅನುರಣನವನ್ನು ಶ್ರುತಿಕವೆಗಳಿಂದ ಪರೀಕ್ಷಿಸಿ ಎಲ್ಲಿಸನಿಗೆ ತಿಳಿಸಿದನು. ಈ ಕೆಲಸವನ್ನು ಜರ್ಮನಿಯಲ್ಲಿ ಹೆಲ್ಮ್‌ಹೋಲ್ಟ್ಸನು ಆಗಲೇ ಮಾಡಿ ಮುಗಿಸಿದ್ದಾನೆಂದು ಎಲ್ಲಿಸನು ತಿಳಿಯಪಡಿಸಿದನು. ತರುಣನಿಗೆ ಜರ್ಮನ್ ಚೆನ್ನಾಗಿ ಬಾರದು. ವಿದ್ಯುತ್ತಿನಿಂದ ಮಿಡಿಯುವ ಕವೆಗಳ ವಿಷಯವನ್ನು ಅರೆಬರೆಯಾಗಿ ತಿಳಿದು, ಹೆಲ್ಮ್‌ಹೋಲ್ಟ್ಸನು ಸ್ವರಾಕ್ಷರಗಳನ್ನು ತಂತಿಯ ಮೂಲಕ ದೂರಕ್ಕೆ ಕಳುಹಿಸಿದ್ದಾನೆಂದು ಭಾವಿಸಿದನು. ಸ್ವರಾಕ್ಷರಗಳು ಹೋಗುವುದಾದರೆ ಇಡೀ ಮಾತು ಏಕೆ ಹೋಗಬಾರದು ಎಂಬ ಆಲೋಚನೆ ಆತನ ತಲೆಯಲ್ಲಿ ನೆಲೆಸಿತು. ಆ ತರುಣನೇ ಅಲೆಕ್ಸಾಂಡರ್ ಗ್ರಹಾಂ ಬೆಲ್; ೧೮೭೬ರಲ್ಲಿ ದೂರವಾಣಿಯ ಹಕ್ಕುಪತ್ರವನ್ನು ಪಡೆದವನು. ಪರಭಾಷೆಯ ಪುಸ್ತಕವನ್ನು ತಪ್ಪಾಗಿ ತಿಳಿದುಕೊಳ್ಳುವ ನನ್ನಂತಹವರಿಗೆ ಇದಕ್ಕಿಂತ ಸಮಾಧಾನದ ಕಥೆ ಬೇರೊಂದಿಲ್ಲ.

೧೮೭೧ರಲ್ಲಿ ಹೆಲ್ಮ್‌ಹೋಲ್ಟ್ಸನು ಬರ್ಲಿನ್ನಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಬಡತನದಿಂದಾಗಿ ೧೭ನೆಯ ವಯಸ್ಸಿನಲ್ಲಿ ಕೈತಪ್ಪಿದ ವಿದ್ಯೆಗೆ ೫೦ನೆಯ ವಯಸ್ಸಿನಲ್ಲಿ ಆಚಾರ್ಯನಾಗಿ ಹಿಂದಿರುಗಿದನು! ನಡುವಿನ ೩೩ ವರ್ಷ ವ್ಯರ್ಥವಾಯಿತೆನ್ನಬಹುದೆ? ವೈದ್ಯನಾಗದಿದ್ದರೆ ಆತನು ಕಿವಿಯನ್ನು ಬಿಚ್ಚಿ ನೋಡುತ್ತಿರಲಿಲ್ಲ. ಪಿಯಾನೋ ನುಡಿಸದಿದ್ದರೆ ಅದನ್ನು ನೋಡಬೇಕೆಂಬ ಬಯಕೆಯೇ ಹುಟ್ಟುತ್ತಿರಲಿಲ್ಲ. ರೇಡಿಯೋ ಅಲೆಗಳನ್ನು ಕಂಡುಹಿಡಿದ ಹೈನ್ರಿಷ್ ಹರ್ಟ್ಸನು ಆತನ ಶಿಷ್ಯ. ೧೮೮೩ರಲ್ಲಿ ಚಕ್ರವರ್ತಿಯಿಂದ ಕುಲೀನ ಪದವಿ ದೊರೆಯಿತು. ಮುಂದೆ ಬರ್ಲಿನ್ನಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭೌತಪ್ರಯೋಗಶಾಲೆಗೆ ಆತನೇ ಮೊದಲ ಅಧ್ಯಕ್ಷ. ೧೮೯೩ರಲ್ಲಿ ಅಮೆರಿಕದ ಶಿಕಾಗೋ ಪ್ರದರ್ಶನಕ್ಕೆ ಹೋಗಿ ಹಿಂದಿರುಗುವಾಗ ಹಡಗಿನ ಮೆಟ್ಟಿಲಿನಿಂದ ಬಿದ್ದು ಪೆಟ್ಟಾಯಿತು. ಮರುವರ್ಷದ ಮೊದಲ ದಿನ ೩೬ ವರ್ಷದ ಹರ್ಟ್ಸನು ಗುರುವಿಗಿಂತ ಮೊದಲೇ ತೀರಿಕೊಂಡನು. ೧೮೯೪ನೆಯ ಸೆಪ್ಟೆಂಬರ್ ೮ರಂದು ಪಾರ್ಶ್ವವಾಯುವಿನಿಂದ ಹೆಲ್ಮ್‌ಹೋಲ್ಟ್ಸನೂ ಕಾಲವಶನಾದನು.

ಆತನ ಗ್ರಂಥದ ಬೆಳಕು ನಮ್ಮ ನಾಡಿಗೂ ಬಂದಿದೆ. ಮದರಾಸಿನಲ್ಲಿ ಓದಿ, ೧೯೩೩ರಿಂದ ಕೊನೆಯವರೆಗೂ ಬೆಂಗಳೂರನ್ನೇ ಮನೆ ಮಾಡಿಕೊಂಡಿದ್ದ ಸಿ. ವಿ. ರಾಮನ್ನರು ತಮ್ಮ ಬಾಳನ್ನು ರೂಪಿಸಿದ ಮೂರು ಪುಸ್ತಕಗಳಲ್ಲಿ ಇದನ್ನೊಂದಾಗಿ ನೆನೆದಿದ್ದಾರೆ. ಸಾಮಾನ್ಯವಾದ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದರೆ ನಮ್ಮ ಮೃದಂಗ ತಬಲಗಳ ನಡುವೆ ಹಚ್ಚುವ ಕರಣೆಯಿಂದ ಅವು ತಂತಿವಾದ್ಯದಂತೆ ಹೊಂದಿಕೊಳ್ಳುತ್ತವೆಂದು ೧೯೨೦ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದವರು ರಾಮನ್ನರೇ. ಹೆಸರಿಲ್ಲದ ನಮ್ಮ ವಾದ್ಯಕಾರರು ಕಿವಿಯನ್ನೇ ಪ್ರಮಾಣವಾಗಿಟ್ಟುಕೊಂಡು ಸಾಧಿಸಿದ್ದಕ್ಕೆ ವಿಜ್ಞಾನದ ಸಾಕ್ಷಿ ದೊರೆತದ್ದು ಹೀಗೆ.

ಈಗ ಅಜ್ಜಿಯ ಕಡೆಗೆ ತಿರುಗೋಣ. ಪುಸ್ತಕವನ್ನು ಅರ್ಧ ಓದುವಷ್ಟರಲ್ಲಿ ನನ್ನ ಮನಸ್ಸಿಗೆ ಕಳವಳವಾಗಿ, ಆಕೆಯನ್ನು ಕಿವಿಯ ವೈದ್ಯರ ಬಳಿಗೆ ಕರೆದೊಯ್ದೆ. ಅವರು ಪರೀಕ್ಷಿಸಿ ಒಂದು ನಕ್ಷೆಯನ್ನು ಬರೆದು ತೋರಿಸಿದರು. ಮಂದ್ರದ ಕಡೆ ಗೆರೆ ಹೆಚ್ಚು ಕಡಿಮೆ ಸಮವಾಗಿತ್ತು. ತಾರದ ಕಡೆ ಕೊಳ್ಳಕ್ಕೆ ಇಳಿದಂತೆ ಇಳಿದಿತ್ತು. ವಯಸ್ಸಾದಂತೆ ಮೊದಲು ಸವೆಯುವುದು ಚಿಪ್ಪಿನ ಬಾಗಿಲಲ್ಲಿರುವ ತಾರಸ್ವರಗಳ ಕೋಶಗಳೇ. ಹಾಡಿನ ಶ್ರುತಿಯೂ ಸ್ವರಾಕ್ಷರಗಳ ಬಲವೂ ಬಹುಪಾಲು ಕೆಳಗಿನ ಕಂಪನಗಳಲ್ಲಿವೆ. ಸಕಾರದ ಬಲವೋ ಸೆಕೆಂಡಿಗೆ ೪,೦೦೦ಕ್ಕೂ ಮೇಲ್ಪಟ್ಟ ಕಂಪನಗಳಲ್ಲಿದೆ; ತಕಾರ ಕಕಾರಗಳ ಭೇದವೂ ಹೆಚ್ಚಾಗಿ ಮೇಲಿನ ಕಂಪನಗಳ ಕ್ಷಣಮಾತ್ರದ ಸುಳಿವಿನಲ್ಲಿದೆ. ಹೆಲ್ಮ್‌ಹೋಲ್ಟ್ಸನ ಯಂತ್ರಕ್ಕೆ ತಾರದ ಕವೆಗಳು ಸಾಲದೆ ಇಕಾರವು ಕುಂದಿದಂತೆ, ಅಜ್ಜಿಯ ಕಿವಿಗೆ ತಾರದ ತಂತಿಗಳು ಸಾಲದೆ ತಾಸು ಕಾಸಾಗಿತ್ತು. ಪಂಚಮ ಮಾತ್ರ ಪಂಚಮವಾಗಿಯೇ ಉಳಿದಿತ್ತು.

ಇದಕ್ಕೆ ಸರಿಯಾಗಿ ತಿರುಗುಮುರುಗಾದ ಒಂದು ಸಂಗತಿಯೂ ಉಂಟು. ಪೂರ್ಣ ಕಿವುಡರಾದವರಿಗೆ ಇಂದು ಒಳಗಿವಿಯ ಚಿಪ್ಪಿನೊಳಗೆ ೨೨ರಷ್ಟು ವಿದ್ಯುತ್ ತುದಿಗಳಿರುವ ಎಳೆಯೊಂದನ್ನು ಸೇರಿಸುತ್ತಾರೆ. ಶ್ರುತಿಗೊಂದು ಸ್ಥಳವೆಂಬ ತತ್ವವೇ ಇದಕ್ಕೂ ಆಧಾರ. ಇದನ್ನು ಪಡೆದವರಲ್ಲಿ ಅನೇಕರು ನಿಶ್ಶಬ್ದವಾದ ಕೋಣೆಯಲ್ಲಿ ಮಾತನ್ನು ಚೆನ್ನಾಗಿ ತಿಳಿಯಬಲ್ಲರು. ಆದರೆ ರಾಗದ ಏರಿಳಿತ ಅವರಿಗೆ ಸುಲಭವಾಗಿ ದಕ್ಕುವುದಿಲ್ಲ. ಅವರಿಗೆ ಮಾತುಂಟು, ಹಾಡು ಕಷ್ಟ. ಅಜ್ಜಿಗೆ ಹಾಡುಂಟು, ಮಾತು ಕಷ್ಟ. ಮಾತೂ ಸಂಗೀತವೂ ಒಂದೇ ಬಾಗಿಲಿನಿಂದ ಒಳಗೆ ಬರುವ ಅತಿಥಿಗಳಾದರೂ, ಒಬ್ಬೊಬ್ಬರು ಬೇಡುವ ಉಪಚಾರ ಬೇರೆ ಬೇರೆ.

ಈಗ ನಾನು ಅಜ್ಜಿಯ ಬೆನ್ನ ಹಿಂದೆ ನಿಂತು ಮಾತನಾಡುವುದಿಲ್ಲ. ಎದುರಿಗೆ ಕುಳಿತು, ತುಟಿ ಕಾಣುವಂತೆ, ಅರಚದೆ, ನಿಧಾನವಾಗಿ ಮಾತನಾಡುತ್ತೇನೆ. ಮನೆಯವರಿಗೂ ತಿಳಿಸಿ ಹೇಳಿದ್ದೇನೆ. ಅಪವಾದ ಅಡಗಿದೆ. ಅಷ್ಟು ವರ್ಷ ನಕ್ಕದ್ದಕ್ಕೆ ಕ್ಷಮೆ ಬೇಡಿದಾಗ ಆಕೆಗೆ ನನ್ನ ಮಾತು ಎಷ್ಟು ಕೇಳಿಸಿತೋ ಅರಿಯೆ. ಸಂಜೆಯಾಯಿತು, ಹಾರ್ಮೋನಿಯಂ ತೆಗೆ ಎಂದು ಸನ್ನೆ ಮಾಡಿದಳು. ಒಬ್ಬ ಮಹಾಪುರುಷನ ಜೀವನದಿಂದ ಕಲಿಯಬೇಕಾದದ್ದು ಹಲವಿರಬಹುದು. ಹೆಲ್ಮ್‌ಹೋಲ್ಟ್ಸನ ಜೀವನದಿಂದ ನಾನು ಕಲಿತದ್ದು ಒಂದೇ. ಇನ್ನೊಬ್ಬರ ಕಿವಿ ನನ್ನ ಕಿವಿಯಲ್ಲ. ಅವರಿಗೆ ಕೇಳಿಸುವ ಲೋಕವನ್ನು ತಿಳಿಯುವ ಮೊದಲು ನಗಬಾರದು.